ಕಂಬಳಿ ಹೊದ್ದ ಬಿಸಿಲು ಹಲಗೆಯೂ ಇಪ್ಪತ್ತೊಂದು ಮೊಟ್ಟೆಯೂ

ಒಂದಾನೊಂದು ಊರಿನಲ್ಲಿ, ಎರಡಾನೆರಡು ಊರಿನಲ್ಲಿ ಅಲ್ಲ, ಒಂದೇ ಊರಿನಲ್ಲಿ, ಹೊಂಬಾಳಮ್ಮ ಅನ್ನುವ ಹೆಂಗಸು ಇದ್ದಳು. ಕತೆ ಹೇಳುವವಳು ನಾನು. ಹೂಂ ಅನ್ನುವವರು ನೀವು. ಯಾಕೆ, ಹೇಗೆ, ಅದು ಹ್ಯಾಗಾದೀತು ಅನ್ನುವವರು ಈಗಲೇ ಎದ್ದು ಹಿಂದೆ ಹೋಗಿ ಕೂರಿ. ಅಲ್ಲಿಗೆ ನನ್ನ ಮಾತು ಕೇಳಿಸುವುದಿಲ್ಲ, ನಿಮ್ಮ ಮಾತು ಇಲ್ಲಿಗೆ ಕೇಳಿಸುವುದಿಲ್ಲ. ಇಬ್ಬರಿಗೂ ಸುಖ.

ಹೊಂಬಾಳಮ್ಮನಿಗೆ ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ, ಒಂದು ಕೋಳಿ ಇತ್ತು. ಕೋಳಿ ಇಪ್ಪತ್ತೊಂದು ಮೊಟ್ಟೆ ಇಟ್ಟು ಕಾವಿಗೆ ಕೂತಿತು. ಮೂರು ದಿನ ಕೂತಿತು. ಮೂರನೇ ದಿನ ಹೊಂಬಾಳಮ್ಮ ಬಾಯಿತಪ್ಪಿ, "ಪಕ್ಕದ್ಮನೆ ಕೋಳಿ ನೋಡು, ಎಷ್ಟು ನೆಟ್ಟಗೆ ಕೂತ್ಕೊಳ್ತದೆ" ಅಂದುಬಿಟ್ಟಳು. ಕೋಳಿಗೆ ಸಿಟ್ಟು ನೆತ್ತಿಗೇರಿತು. "ಹಂಗಾರೆ ಅವಳನ್ನೇ ಕರ್ಕೊಂಬಂದು ಕೂರಿಸ್ಕೊ" ಅಂತ ಎದ್ದಿತು, ರೆಕ್ಕೆ ಕೊಡವಿತು, ತವರಿಗೆ ಹೊರಟುಹೋಯಿತು. ಕೋಳಿಯ ತವರು ಎಲ್ಲಿ ಅಂತೀರಾ? ನಿಮ್ಮ ತವರು ಎಲ್ಲಿ ಅಂತ ಕೋಳಿ ಕೇಳಿತ್ತೇ?

ಈಗ ಮೊಟ್ಟೆಗಳು ಉಳಿದವು. ಮರಿಯಾಗಲು ಇನ್ನೂ ಹದಿನೆಂಟು ದಿನ ಬೇಕು. ಹದಿನೆಂಟು ದಿನವೂ ಕಾವು ಬೇಕು. ಮೊಟ್ಟೆಗಳು ಬುಟ್ಟಿಯೊಳಗಿಂದ ಒಂದೇ ಸಮನೆ ಕೂಗತೊಡಗಿದವು.

"ಅಜ್ಜೀ, ಚಳಿ!"

"ತಡೀರಪ್ಪ, ತಡೀರಿ" ಅಂತ ಹೊಂಬಾಳಮ್ಮ ಮೊಟ್ಟೆಗಳನ್ನು ಮಡಿಲಿಗೆ ಹಾಕಿಕೊಂಡು ಕೂತಳು. ಆದರೆ ಅವಳೋ ಬಡಕಲು ಹೆಂಗಸು. ಅವಳ ಮೈಯಲ್ಲಿದ್ದ ಬಿಸಿ ಏಳು ಮೊಟ್ಟೆಗೆ ಸಾಕು, ಎಂಟನೆಯದಕ್ಕೆ ಸಾಲದು. ಹಾಗಾಗಿ ಏಳೇಳರಂತೆ ಸರದಿ ಮಾಡಿದಳು. ಏಳು ಬೆಚ್ಚಗಾದರೆ ಹದಿನಾಲ್ಕು ಅಳುತ್ತಿದ್ದವು. ಆ ಹದಿನಾಲ್ಕರಲ್ಲಿ ಏಳನ್ನು ಎತ್ತಿಕೊಂಡರೆ ಈ ಏಳು ಶುರು ಮಾಡುತ್ತಿದ್ದವು. ಬಿಸಿಲಿಗೆ ಇಡಬಾರದಿತ್ತೇ ಅಂತೀರಾ? ಬಿಸಿಲಿಗಿಟ್ಟರೆ ಬೆಂದುಹೋಗುತ್ತವೆ. ಒಲೆ ಪಕ್ಕ ಇಟ್ಟರೆ ಊಟವಾಗುತ್ತವೆ. ಕಾವು ಅಂದರೆ ಕಾವೇ.

ಹೊಳೆಯಾಚೆಯ ನಾಡಿನಲ್ಲಿ ಅವಳ ಅಣ್ಣ ಇದ್ದ. ಸುದ್ದಿ ಕೇಳಿ ಅವನು ಒಂದು ಬಲ್ಬನ್ನೂ ಒಂದು ಬಿಸಿಲು ಹಲಗೆಯನ್ನೂ ಗಾಡಿಯಲ್ಲಿ ಹಾಕಿ ಕಳಿಸಿದ. ಪೇಟೆಯವರು ಸೋಲಾರ್ ಪ್ಯಾನೆಲ್ ಅಂತಾರಲ್ಲ, ಅದೇ. ಹಲಗೆ ಬಿಸಿಲು ಕುಡಿದರೆ ಬಲ್ಬು ಬೆಳಗುತ್ತದೆ, ಬಲ್ಬು ಬೆಳಗಿದರೆ ಮೊಟ್ಟೆ ಬೆಚ್ಚಗಾಗುತ್ತದೆ. ಇಷ್ಟೇ ವಿಷಯ. ಗಾಡಿ ನಾಲ್ಕು ದಿನಕ್ಕೆ ಗಡಿ ತಲುಪಿತು. ಹೊಂಬಾಳಮ್ಮ ಮೊಟ್ಟೆ ಬುಟ್ಟಿ ಎತ್ತಿಕೊಂಡು ಅಲ್ಲಿಗೇ ಹೋದಳು. ಆಗಲೇ ಒಟ್ಟು ಏಳು ದಿನ ಕಳೆದಿತ್ತು, ಹದಿನಾಲ್ಕು ಉಳಿದಿತ್ತು.

ಗಡಿಯಲ್ಲಿ ಸುಂಕದ ಕಟ್ಟೆ. ಕಟ್ಟೆಯ ಮೇಲೆ ಮರಿಸ್ವಾಮಪ್ಪ. ಇವನು ರಾಜನ ಭಾವಮೈದ. ಬೆಳಗ್ಗೆ ಹೊರಗಿನಿಂದ ಬಂದ ಬಿಸಿಲು ಹಲಗೆಗಳಿಗೆ ಸುಂಕ ಹಾಕುತ್ತಿದ್ದ. ಮಧ್ಯಾಹ್ನ ಮನೆಯಲ್ಲಿ ಕೂತು ತಾನೇ ಬಿಸಿಲು ಹಲಗೆ ಮಾಡುತ್ತಿದ್ದ. ಹೇಗೆ ಮಾಡುತ್ತಿದ್ದ? ಹಲಸಿನ ಮರದ ಹಲಗೆ ತೆಗೆದುಕೊಂಡು ಅದಕ್ಕೆ ನೀಲಿ ಬಣ್ಣ ಬಳಿಯುತ್ತಿದ್ದ. ನೋಡಲು ಥೇಟ್ ಬಿಸಿಲು ಹಲಗೆ. ಬಿಸಿಲಲ್ಲಿಟ್ಟರೆ ಬಣ್ಣ ಬಿಡುತ್ತಿತ್ತು, ಅಷ್ಟೇ. ಊರಿನವರು ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದರು.

"ಹೊರಗಿನ ಸಾಮಾನು" ಅಂದ ಮರಿಸ್ವಾಮಪ್ಪ. "ಸುಂಕ ಅರ್ಧ."

"ಏನರ್ಧ ಅಪ್ಪಾಜಿ?" ಅಂದಳು ಹೊಂಬಾಳಮ್ಮ.

"ಸಾಮಾನಿನರ್ಧ. ಛತ್ರಿ ತಂದ್ರೆ ಅರ್ಧ ಛತ್ರಿ ನಮ್ದು. ಕುದುರೆ ತಂದ್ರೆ ಅರ್ಧ ಕುದುರೆ ನಮ್ದು. ನಿನ್ನೆ ಆಚೆಯಿಂದ ಮದುವೆ ಗಂಡು ಬಂದ. ಅರ್ಧ ಮೀಸೆ ತೆಗೆಸ್ಕೊಂಡು ಬಿಟ್ಟೆ. ಹೊರಗಿನ ಗಂಡುಗಳೇ ಪೂರ್ತಿ ಮೀಸೆ ಇಟ್ಕೊಂಡು ಬಂದ್ಬಿಟ್ರೆ ನಮ್ಮ ಗಂಡುಗಳ ಗತಿ ಏನವ್ವ?"

ಆಗ ಬಿಸಿಲು ಹಲಗೆ ಬಾಯಿಬಿಟ್ಟಿತು. ಬಹಳ ಮರ್ಯಾದಸ್ಥ ಹಲಗೆ.

"ಸ್ವಾಮಿ, ನನ್ನನ್ನು ಅರ್ಧ ಮಾಡಿದರೆ ಅರ್ಧ ಇಬ್ಬರಿಗೂ ದಕ್ಕುವುದಿಲ್ಲ. ಎರಡು ಚೂರೂ ಸತ್ತುಹೋಗುತ್ತವೆ."

"ಹಂಗಂತ ಎಲ್ಲಾರೂ ಅಂತಾರೆ. ಮೊನ್ನೆ ಒಂದು ಮೇಕೇನೂ ಹಂಗೇ ಅಂತು" ಅಂದ ಮರಿಸ್ವಾಮಪ್ಪ, ಗರಗಸ ಹುಡುಕುತ್ತ. ಗರಗಸ ಸಿಗಲಿಲ್ಲ. ಅದು ಕೂಡ ಹೊರಗಿನ ಸಾಮಾನು, ಅರ್ಧವೇ ಇತ್ತು, ಹಿಡಿಯಿಲ್ಲದ ಅರ್ಧ. ಅವನಿಗೆ ಬೇಜಾರಾಯಿತು. "ಮೊದಲು ಅರಮನೆಗೆ ಹೋಗಿ ಸುರಕ್ಷೆ ಮೊಹರು ಹಾಕಿಸ್ಕೊಂಡು ಬಾ. ಮೊಹರಿಲ್ಲದ ಸಾಮಾನು ಸಾಮಾನೇ ಅಲ್ಲ. ಸಾಮಾನೇ ಅಲ್ಲದ್ದಕ್ಕೆ ಸುಂಕ ಹೆಂಗೆ ಹಾಕ್ಲಿ?"

ಹೊಂಬಾಳಮ್ಮ ಸೊಂಟದ ಮೇಲೆ ಮೊಟ್ಟೆ ಬುಟ್ಟಿ, ತಲೆಯ ಮೇಲೆ ಬಿಸಿಲು ಹಲಗೆ, ಕೈಯಲ್ಲಿ ಬಲ್ಬು ಹಿಡಿದು ಅರಮನೆಗೆ ನಡೆದಳು.

ಈಗ ರಾಜನ ವಿಷಯ ಕೇಳಿ. ಅವನ ಹೆಸರು ಜೋಪಾನರಾಯ. ಅಂಥ ಜೋಪಾನದ ರಾಜ ಹಿಂದೆ ಆಗಿಲ್ಲ, ಮುಂದೆ ಆಗುವುದು ಬೇಡ. ಅವನು ಪಾಯಸವನ್ನು ಮೂರು ದಿನ ಆರಿಸಿ ಕುಡಿಯುತ್ತಿದ್ದ. ಅವನ ಕತ್ತಿ ಸೌತೆಕಾಯಿಯದು. ಸೂರು ಬೀಳಬಹುದು ಅಂತ ದರ್ಬಾರನ್ನು ಅಂಗಳದಲ್ಲಿ ನಡೆಸುತ್ತಿದ್ದ. ಕಾಲು ಜಾರಬಹುದು ಅಂತ ಅರಮನೆಯ ಮೆಟ್ಟಿಲು ಕೀಳಿಸಿಬಿಟ್ಟಿದ್ದ. ಕೀಳಿಸುವಾಗ ಮಂತ್ರಿ ಮಹಡಿಯಲ್ಲಿದ್ದ. ಪಾಪ, ಈಗಲೂ ಅಲ್ಲೇ ಇದ್ದಾನೆ, ಎಂಟು ವರ್ಷದಿಂದ ಕಿಟಕಿಯಲ್ಲೇ ಸಲಹೆ ಕೊಡುತ್ತಿದ್ದಾನೆ.

ಆ ರಾಜ್ಯದಲ್ಲಿ ಯಾವ ವಸ್ತುವಾದರೂ ಸರಿ, ಸುರಕ್ಷೆಯ ಮೊಹರು ಬಿದ್ದ ಮೇಲೆಯೇ ಬಳಸಬೇಕು. ಮೊಹರು ಒತ್ತುವವನು ವೆಂಕಟಪತಯ್ಯ. ಇದರಿಂದ ಎಲ್ಲರಿಗಿಂತ ಹೆಚ್ಚು ಕಷ್ಟವಾದದ್ದು ರಾಜನಿಗೇ. ಯಾಕೆಂದರೆ ಸಿಂಹಾಸನಕ್ಕೆ ಮೊಹರು ಬಿದ್ದಿರಲಿಲ್ಲ. ಆಸನವನ್ನು ಪರೀಕ್ಷಿಸಬೇಕಾದರೆ ಯಾರಾದರೂ ಅದರ ಮೇಲೆ ಕೂರಬೇಕು. ಮೊಹರಿಲ್ಲದ ಆಸನದ ಮೇಲೆ ಯಾರೂ ಕೂರಬಾರದು. ಹೀಗಾಗಿ ಸಿಂಹಾಸನಕ್ಕೂ ಇಲ್ಲ, ಕುರ್ಚಿಗೂ ಇಲ್ಲ, ಚಾಪೆಗೂ ಇಲ್ಲ. ಜೋಪಾನರಾಯ ಹನ್ನೊಂದು ವರ್ಷದಿಂದ ನಿಂತೇ ಇದ್ದ. ನಿಂತೇ ಊಟ, ನಿಂತೇ ನ್ಯಾಯ, ನಿಂತೇ ನಿದ್ದೆ. ದಪ್ಪ ಆಸಾಮಿ ಬೇರೆ, ಮೊಣಕಾಲು ಕಟಕಟ ಅನ್ನುತ್ತಿದ್ದವು.

"ಬುದ್ಧೀ, ಈ ಹಲಗೆಗೊಂದು ಮೊಹರು ಬೇಕು" ಅಂತ ಹೊಂಬಾಳಮ್ಮ ಅಡ್ಡಬಿದ್ದಳು. "ಬೇಗ್ನೆ ಆಗ್ಬೇಕು. ಮೊಟ್ಟೆಗಳಿಗೆ ಹದಿನಾಲ್ಕೇ ದಿನ ಉಳಿದಿರೋದು."

ವೆಂಕಟಪತಯ್ಯ ಹಲಗೆಯನ್ನು ಒಂದು ಸುತ್ತು ಹಾಕಿದ. ಬೆರಳಿನಿಂದ ಮಡಕೆ ಬಡಿಯುವ ಹಾಗೆ ಟಣ್ ಅಂತ ಬಡಿದ. ತೆಂಗಿನಕಾಯಿ ಅಲ್ಲಾಡಿಸುವ ಹಾಗೆ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ನೀರಿನ ಸದ್ದು ಬರಲಿಲ್ಲ.

"ಎಷ್ಟು ವರ್ಷ ಬಾಳುತ್ತೀಯಪ್ಪ?" ಅಂತ ಹಲಗೆಯನ್ನು ಕೇಳಿದ.

"ಇಪ್ಪತ್ತೈದು ವರ್ಷ, ಸ್ವಾಮಿ" ಅಂತು ಹಲಗೆ, ಸ್ವಲ್ಪ ಜಂಬದಿಂದ.

ಅಲ್ಲೇ ಅದು ಕೆಟ್ಟಿತು.

"ಹಾಗಾದರೆ ಇಪ್ಪತ್ತೈದು ವರ್ಷ ಪರೀಕ್ಷೆ ಮಾಡಬೇಕು. ಆಮೇಲೆ ಮೊಹರು" ಅಂದ ವೆಂಕಟಪತಯ್ಯ.

"ಅಷ್ಟೊತ್ತಿಗೆ ನನ್ನ ಬಾಳು ಮುಗಿದಿರುತ್ತದಲ್ಲ, ಸ್ವಾಮಿ?"

"ಮುಗಿದ ಮೇಲೆ ಪೂರ್ತಿ ಸುರಕ್ಷಿತ. ಅದಕ್ಕೆ ನಾನು ಗ್ಯಾರಂಟಿ."

ಹೊಂಬಾಳಮ್ಮ ಎದೆ ಎದೆ ಬಡಿದುಕೊಂಡಳು. ಬುಟ್ಟಿಯಲ್ಲಿ ಇಪ್ಪತ್ತೊಂದು ದನಿ ಒಟ್ಟಿಗೆ ಅತ್ತವು. ರಾಜನಿಗೆ ಗಲಾಟೆ ಆಗಿಬರುವುದಿಲ್ಲ, ಗಲಾಟೆಯಲ್ಲಿ ಕಿವಿಗೆ ಏಟಾಗಬಹುದು. "ಏನಾದರೂ ದಾರಿ ನೋಡಿ, ವೆಂಕಟಪತಯ್ಯ" ಅಂದ.

ದಾರಿ ಇತ್ತು. ಆ ಊರಿನಲ್ಲಿ ಒಂದು ಪದ್ಧತಿ. ಹೊಸದಾಗಿ ಏನೇ ಬರಲಿ, ಮೂರು ದಿನ ಕಂಬಳಿ ಹೊದಿಸಿ ಇಡುವುದು. ಹೊಸ ಕರುವಿಗೆ ಕಂಬಳಿ, ಹೊಸ ತಮಟೆಗೆ ಕಂಬಳಿ, ಹೊಸ ಸೊಸೆಗೂ ಕಂಬಳಿ. ಅದಕ್ಕೆ ಊರಿನ ಗಾಳಿ ಒಗ್ಗಬೇಕು, ಊರಿನ ಕಣ್ಣು ತಾಗಬಾರದು. ವೆಂಕಟಪತಯ್ಯ ಲೆಕ್ಕ ಹಾಕಿ ಹೇಳಿದ: "ಕಂಬಳಿಯೊಳಗೆ ಹೊತ್ತು ಬಹಳ ನಿಧಾನವಾಗಿ ಹೋಗುತ್ತದೆ. ಬೇಸಿಗೆಯಲ್ಲಿ ಹೊದ್ದು ಮಲಗಿದವರಿಗೆ ಗೊತ್ತು. ಕಂಬಳಿಯೊಳಗಿನ ಮೂರು ದಿನ ಹೊರಗಿನ ಇಪ್ಪತ್ತೈದು ವರ್ಷಕ್ಕೆ ಸಮ."

ಸರಿ, ಬಿಸಿಲು ಹಲಗೆಗೆ ಕರೀ ಕಂಬಳಿ ಹೊದಿಸಿದರು. ಒಂದು ದಿನ ಆಯಿತು. ವೆಂಕಟಪತಯ್ಯ ಕೋಲಿನಿಂದ ತಿವಿದು, "ಏನಾದರೂ ಉಪದ್ರವ ಮಾಡುತ್ತಿದ್ದೀಯಾ?" ಅಂತ ಕೇಳಿದ.

"ಕತ್ತಲಲ್ಲಿ ಏನು ಮಾಡಲಿ, ಸ್ವಾಮಿ?" ಅಂತು ಹಲಗೆ ಒಳಗಿಂದ.

ಎರಡು ದಿನ ಆಯಿತು. "ಬೆಂಕಿ ಹಚ್ಚುತ್ತಿದ್ದೀಯಾ?"

"ಇಲ್ಲ, ಸ್ವಾಮಿ."

ಮೂರು ದಿನ ಆಯಿತು. "ಯಾರಿಗಾದರೂ ಕರೆಂಟು ಹೊಡೆಯುತ್ತಿದ್ದೀಯಾ?"

"ನನಗೇ ಜೀವ ಇಲ್ಲ, ಸ್ವಾಮಿ."

"ಭೇಷ್!" ಅಂತ ವೆಂಕಟಪತಯ್ಯ ಕುಣಿದಾಡಿದ. "ಇಷ್ಟು ಸುರಕ್ಷಿತವಾದ ಹಲಗೆಯನ್ನು ನಾನು ಜನ್ಮದಲ್ಲಿ ನೋಡಿಲ್ಲ!" ದಢ್ ಅಂತ ಮೊಹರು ಒತ್ತಿದ. ಹಲಗೆಯ ಮೇಲೆ ಕಂಬಳಿ ಇತ್ತಲ್ಲ, ಮೊಹರು ಕಂಬಳಿಯ ಮೇಲೆ ಬಿತ್ತು.

ಹೊಂಬಾಳಮ್ಮ ಸುಂಕದ ಕಟ್ಟೆಗೆ ಓಡಿದಳು. ಮರಿಸ್ವಾಮಪ್ಪ ಮೊಹರು ನೋಡಿದ, ತಲೆಯಾಡಿಸಿದ. "ಈಗ ಇದು ಸಾಮಾನು. ಈಗ ಸುಂಕ ಅರ್ಧ." ಆದರೆ ಕಾನೂನಿನಲ್ಲಿ ಇನ್ನೊಂದು ಮಾತಿತ್ತು. ಯಾವ ಸಾಮಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ನಮ್ಮ ನಾಡಿನದೋ ಅದು ನಮ್ಮ ನಾಡಿನ ಸಾಮಾನು, ಅದಕ್ಕೆ ಸುಂಕವಿಲ್ಲ. ಹೊಂಬಾಳಮ್ಮ ಓದಿದವಳಲ್ಲ, ಆದರೆ ಬಟ್ಟೆ ಒಗೆದವಳು. ಕಂಬಳಿ ನಮ್ಮ ಕುರಿಯದು. ಅದನ್ನು ಹಲಗೆ ಸಮೇತ ನಮ್ಮ ಕೆರೆಯಲ್ಲಿ ಮುಳುಗಿಸಿ ತಂದಳು. ಒದ್ದೆ ಕಂಬಳಿಯ ತೂಕ ಎತ್ತಿದವರಿಗೇ ಗೊತ್ತು. ತಕ್ಕಡಿ ಕಿರ್ ಅಂತು. ಮುಕ್ಕಾಲು ಪಾಲು ಕಂಬಳಿ, ಕಾಲು ಪಾಲು ಹಲಗೆ.

"ಇದು ನಮ್ಮ ನಾಡಿನ ಬಿಸಿಲು ಹಲಗೆ" ಅಂತ ಮರಿಸ್ವಾಮಪ್ಪ ಒಪ್ಪಿಕೊಂಡ. ಒಪ್ಪಿಕೊಂಡು ಮುಸಿಮುಸಿ ನಕ್ಕ. ಯಾಕೆ ನಕ್ಕ ಅಂತ ಹೊಂಬಾಳಮ್ಮನಿಗೆ ತಿಳಿದದ್ದು ಮನೆಗೆ ಹೋದ ಮೇಲೆ.

ಮನೆಯಲ್ಲಿ ಬಲ್ಬು ನೇತುಹಾಕಿದಳು, ಬುಟ್ಟಿ ಇಟ್ಟಳು, ಹಲಗೆಯನ್ನು ಅಂಗಳದಲ್ಲಿ ಒರಗಿಸಿದಳು, ಕಂಬಳಿ ಎಳೆದಳು. ಕಂಬಳಿ ಬರಲಿಲ್ಲ. ಮತ್ತೆ ಎಳೆದಳು. ಕಂಬಳಿ ಗಂಟಲು ಸರಿಮಾಡಿಕೊಂಡಿತು.

"ಕೈ ತೆಗೀ" ಅಂತು.

ಮೊಹರು ಬಿದ್ದ ಮೇಲೆ ಕಂಬಳಿಗೆ ಠೀವಿ ಬಂದುಬಿಟ್ಟಿತ್ತು. ನಿನ್ನೆ ಮೊನ್ನೆಯವರೆಗೆ ಕುರಿಯ ಬೆನ್ನಿನ ಮೇಲಿದ್ದದ್ದು, ಈಗ ಸರ್ಕಾರ.

"ಮೊಹರು ಯಾರ ಮೇಲೈತೆ? ನನ್ನ ಮೇಲೆ. ನಾನು ಎದ್ದರೆ ಹಲಗೆಗೆ ಮೊಹರಿಲ್ಲ. ನಾನು ಎದ್ದರೆ ಇದು ಹೊರಗಿನ ಸಾಮಾನು, ಅರ್ಧ ಕುಯ್ತಾರೆ. ನಾನಿದ್ರೇನೇ ಸುರಕ್ಷೆ, ನಾನಿದ್ರೇನೇ ನಮ್ಮ ನಾಡು. ರಾಜರ ಬಾಯಿಂದ ಅಪ್ಪಣೆ ಆಗೋವರೆಗೂ ನಾನು ಏಳಾಕಿಲ್ಲ."

"ಆದರೆ ನೀನಿದ್ರೆ ಬಲ್ಬು ಹತ್ತಾಕಿಲ್ಲವಲ್ಲಪ್ಪ!"

"ಬಲ್ಬು ಹತ್ತಬೇಕು ಅಂತ ಮೊಹರಿನಲ್ಲಿ ಎಲ್ಲೈತೆ? ತೋರ್ಸು."

ಮೊಹರಿನಲ್ಲಿ ಎಲ್ಲೂ ಇರಲಿಲ್ಲ. ಹಲಗೆ ಒಳಗೆ ಕೂತು ಅಳುತ್ತಿತ್ತು. ಮೊಟ್ಟೆಗಳು ಬುಟ್ಟಿಯಲ್ಲಿ ಅಳುತ್ತಿದ್ದವು. ಹೊಂಬಾಳಮ್ಮ ನಡುವೆ ಕೂತು ಅತ್ತಳು. ನನಗೂ ಇಲ್ಲಿಗೆ ಬಂದಾಗ ಪ್ರತಿಸಲ ಅಳು ಬರುತ್ತದೆ. ಎಲ್ಲಾ ಕಾನೂನೂ ಸರಿಯಾಗಿದೆ, ಮೊಟ್ಟೆಗೆ ಮಾತ್ರ ಚಳಿ.

ಅತ್ತು ಮುಗಿದ ಮೇಲೆ ಅವಳು ಸೆರಗು ಬಿಗಿದಳು. ಎಲ್ಲವನ್ನೂ ಹೊತ್ತುಕೊಂಡು, ಹನ್ನೆರಡನೆಯ ದಿನ ಮತ್ತೆ ದರ್ಬಾರಿನ ಅಂಗಳಕ್ಕೆ ಬಂದಳು. ಉಳಿದದ್ದು ಒಂಬತ್ತು ದಿನ.

"ಬುದ್ಧೀ, ಹಲಗೆ ಬಿಡ್ರಿ. ಈ ಮೊಟ್ಟೆಗಳನ್ನ ಒಂದ್ಸಲ ಮುಟ್ಟಿ ನೋಡ್ರಿ. ಎಷ್ಟು ತಣ್ಣಗಾಗವೆ ನೋಡ್ರಿ."

"ಮುಟ್ಟಬೇಡಿ ಮಹಾಪ್ರಭು!" ಅಂತ ವೆಂಕಟಪತಯ್ಯ ಅಡ್ಡ ನಿಂತ. "ಮೊಟ್ಟೆಗೆ ಮೊಹರಿಲ್ಲ!"

ಹಾಗಾಗಿ ಮೊಟ್ಟೆಯ ಪರೀಕ್ಷೆ ಆಗಬೇಕಾಯಿತು. ವೆಂಕಟಪತಯ್ಯ ದಪ್ಪ ಪುಸ್ತಕ ತೆರೆದ. ಮೊದಲ ಪ್ರಶ್ನೆ: ಈ ವಸ್ತುವಿನಿಂದ ಅಪಘಾತವಾದರೆ ಪೆಟ್ಟು ಯಾರಿಗೆ?

"ಮೊಟ್ಟೆಗೇ ಅಲ್ವ್ರಾ ಸ್ವಾಮಿ" ಅಂದಳು ಹೊಂಬಾಳಮ್ಮ. "ಬಿದ್ದರೂ ಮೊಟ್ಟೆಗೇ ಪೆಟ್ಟು, ಮೇಲೆ ಯಾರಾದ್ರೂ ಬಿದ್ದರೂ ಮೊಟ್ಟೆಗೇ ಪೆಟ್ಟು."

ವೆಂಕಟಪತಯ್ಯ ಬೆಚ್ಚಿಬಿದ್ದ. ಕುರ್ಚಿ ಮುರಿದರೆ ಕೂತವನಿಗೆ ಪೆಟ್ಟು. ಏಣಿ ಮುರಿದರೆ ಹತ್ತಿದವನಿಗೆ ಪೆಟ್ಟು. ತಾನು ಮಾತ್ರ ಒಡೆದುಹೋಗಿ ಬೇರೆ ಯಾರಿಗೂ ನೋವು ಮಾಡದ ವಸ್ತುವನ್ನು ಅವನು ಮೂವತ್ತು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಎರಡನೆಯ ಪ್ರಶ್ನೆ ಓದಿದ: "ಯಾವ ಉಪಯೋಗಕ್ಕೆ? ತಿನ್ನಲೋ, ತೊಡಲೋ, ಹತ್ತಲೋ, ಕೂರಲೋ?"

"ತಿನ್ನಾಕಲ್ಲ!" ಅಂತ ಹೊಂಬಾಳಮ್ಮ ಕಿರುಚಿದಳು. "ತೊಡಾಕೂ ಅಲ್ಲ, ಹತ್ತಾಕೂ ಅಲ್ಲ. ಇವು ಕೋಳಿ ಕೂರಾಕೆ!"

ಪುಸ್ತಕದಲ್ಲಿ ಕೋಳಿ ಅಂತ ಬರೆಯಲು ಜಾಗ ಇರಲಿಲ್ಲ. ವೆಂಕಟಪತಯ್ಯ "ಕೂರಲು" ಅಂತಷ್ಟೇ ಬರೆದ. ಬುಟ್ಟಿಗೆ ಮೊಹರು ಒತ್ತಿದ. ಒತ್ತಿದ ಮೇಲೆ ತಾನು ಬರೆದದ್ದನ್ನು ಜೋರಾಗಿ ಓದಿದ: "ರಾಜ್ಯದ ಅತ್ಯಂತ ಸುರಕ್ಷಿತ ಆಸನ."

ಜೋಪಾನರಾಯನ ಕಣ್ಣಲ್ಲಿ ನೀರು ತುಂಬಿತು.

"ಆಸನವೇ?" ಅಂದ. "ಮೊಹರು ಬಿದ್ದ ಆಸನವೇ? ನಾನು ಕೂರಬಹುದೇ?"

"ಅಯ್ಯಯ್ಯೋ, ಬೇಡ ಬುದ್ಧೀ!" ಹೊಂಬಾಳಮ್ಮ ಬುಟ್ಟಿಯನ್ನು ಅವಚಿಕೊಂಡಳು. ಏಳು ಮಣದ ರಾಜ, ಬೆರಳಷ್ಟು ಗಟ್ಟಿಯಿಲ್ಲದ ಮೊಟ್ಟೆ. ಆದರೆ ಕಾವಲುಗಾರರು ಅವಳ ಕೈ ಬಿಡಿಸಿದರು. ಅವಳು ಕಣ್ಣು ಮುಚ್ಚಿಕೊಂಡಳು. ನೀವೂ ಮುಚ್ಚಿಕೊಳ್ಳಿ.

ಈಗ ಜೋಪಾನರಾಯ ಕೂತ ಬಗೆ ಕೇಳಿ. ಮೊದಲು ಸೊಂಟದ ಪಟ್ಟಿ ಬಿಚ್ಚಿದ. ಆಮೇಲೆ ಒಡವೆ ತೆಗೆದ. ಆಮೇಲೆ ಉಸಿರನ್ನು ಪೂರ್ತಿ ಹೊರಗೆ ಬಿಟ್ಟ, ಉಸಿರಿಗೂ ತೂಕ ಇರುತ್ತದಲ್ಲ. ಬುಟ್ಟಿಯ ಎರಡೂ ಕಡೆ ಅಂಗೈ ಊರಿದ. ಮೊಣಕಾಲನ್ನು ಒಂದು ಎಳ್ಳಿನಷ್ಟು ಮಡಿಸಿದ. ನಿಂತು ಯೋಚಿಸಿದ. ಇನ್ನೊಂದು ಎಳ್ಳಿನಷ್ಟು ಮಡಿಸಿದ. ಬೆಳಗ್ಗೆ ಶುರು ಮಾಡಿದವನು ಊಟದ ಹೊತ್ತಿಗೆ ಅರ್ಧ ಕೂತಿದ್ದ. ಹೊತ್ತು ಇಳಿಯುವಾಗ ಪೂರ್ತಿ ಕೂತ. ಒಂದು ಮೊಟ್ಟೆಯೂ ಬಿರಿಯಲಿಲ್ಲ. ಇಡೀ ಭೂಮಿಯ ಮೇಲೆ ಹಾಗೆ ಕೂರಬಲ್ಲ ಮನುಷ್ಯ ಅವನೊಬ್ಬನೇ.

ಬುಟ್ಟಿಯಿಂದ ದನಿ ಬಂತು.

"ಅವ್ವಾ! ಬೆಚ್ಚಗದೆ!"

"ಯಾರದು ಅವ್ವ?" ಅಂದ ರಾಜ. "ನಾನು ಮಹಾರಾಜ."

"ಆಗ್ಲಿ ಅವ್ವಾ" ಅಂದವು ಮೊಟ್ಟೆಗಳು.

ಹೊಂಬಾಳಮ್ಮ ಒಂದು ಕಣ್ಣು ತೆರೆದಳು. ಆಮೇಲೆ ಎರಡೂ ತೆರೆದಳು. ಆಮೇಲೆ ಹತ್ತಿರ ಬಂದು ಬುಟ್ಟಿಯ ಪಕ್ಕ ಕುಕ್ಕರಿಸಿದಳು. "ಬುದ್ಧೀ, ದಿನಕ್ಕೆ ಮೂರು ಸಲ ಮಗ್ಗುಲು ತಿರುಗಿಸ್ಬೇಕು. ಒಂದೇ ಮಗ್ಗುಲಾದ್ರೆ ಮರಿ ಚಿಪ್ಪಿಗೆ ಅಂಟ್ಕೊತದೆ" ಅಂತ ಹೇಳಿಕೊಟ್ಟಳು. ರಾಜ ಕಲಿತ. ದರ್ಬಾರು ಬುಟ್ಟಿಯ ಮೇಲಿಂದಲೇ ನಡೆಯಿತು. "ಇವನಿಗೆ ಹತ್ತು ಛಡಿ... ತಡಿ, ಮೂರನೆಯದನ್ನು ತಿರುಗಿಸಬೇಕು... ಛಡಿ ಬೇಡ, ಮನೆಗೆ ಹೋಗಪ್ಪ" ಅನ್ನುವ ಹಾಗಾಯಿತು ನ್ಯಾಯ. ಊಟಕ್ಕೂ ಏಳಲಿಲ್ಲ. ಮೊಟ್ಟೆಗಳಿಗೆ ದಿನಾ ಒಂದು ಹಾಡು ಹೇಳುತ್ತಿದ್ದ, ಶ್ರುತಿ ಒಂದಿಷ್ಟೂ ಇಲ್ಲ, ಆದರೂ ಅವು ಕೇಳುತ್ತಿದ್ದವು.

ಏಳು ದಿನ ಹೀಗೆ ಸುಖವಾಗಿ ಹೋಯಿತು. ಎಂಟನೆಯ ದಿನ ಬಡಗಣ ಗಾಳಿ ಬೀಸಿತು. ಮರಿಗಳು ಚಿಪ್ಪಿನೊಳಗೆ ಬೆಳೆದು ಹೊರಳಾಡಿ, ಮೊಟ್ಟೆಗಳು ಬುಟ್ಟಿಯ ಅಂಚಿಗೆ ಸರಿದಿದ್ದವು. ರಾಜ ಎಷ್ಟು ಹರಡಿಕೊಂಡು ಕೂತರೂ ಹತ್ತೊಂಬತ್ತು ಮೊಟ್ಟೆ ಮಾತ್ರ ಮುಚ್ಚುತ್ತಿದ್ದವು. ಎರಡು ಅಂಚಿನಲ್ಲಿ ಹೊರಗೆ ಉಳಿದವು.

"ಅವ್ವಾ, ನಮಗೆ ಚಳಿ" ಅಂದವು ಆ ಎರಡು.

ರಾಜ ಎಡಕ್ಕೆ ಸರಿದ. ಬಲದ ಎರಡು ಹೊರಗಾದವು. ಬಲಕ್ಕೆ ಸರಿದ. ಎಡದ ಎರಡು ಹೊರಗಾದವು. ಅಂಗೈಯಲ್ಲಿ ಮುಚ್ಚಿದ. ಅಂಗೈಯೇ ಗಾಳಿಗೆ ಕೊರೆಯುತ್ತಿತ್ತು. ಹೊಂಬಾಳಮ್ಮ ಸೆರಗು ಹೊದಿಸಿದಳು. ಹಳೆಯ ಸೀರೆ, ಗಾಳಿ ತೂರಿ ಬರುತ್ತಿತ್ತು. ಕಿಟಕಿಯಿಂದ ಮಂತ್ರಿ, "ಸಮಿತಿ ಮಾಡೋಣವೇ?" ಅಂತ ಕೂಗಿದ. ಹೊತ್ತು ಹೋಗುತ್ತ ಹೋಗುತ್ತ ಎರಡರಲ್ಲಿ ಒಂದು ಸುಮ್ಮನಾಯಿತು.

"ಯಾಕೆ ಸುಮ್ಮನಾದೆ?" ಅಂದ ರಾಜ. "ಮಾತಾಡು ಮಗಾ."

ಅದು ಮಾತಾಡಲಿಲ್ಲ.

ಆಗ ಅಂಗಳದ ಮೂಲೆಯಿಂದ, ಕಂಬಳಿಯ ಅಡಿಯಿಂದ ಒಂದು ಸಣ್ಣ ದನಿ ಕೇಳಿಸಿತು. ಬಿಸಿಲು ಹಲಗೆಯದು. ಅದನ್ನು ಎಲ್ಲರೂ ಮರೆತೇಬಿಟ್ಟಿದ್ದರು. "ಮಹಾಪ್ರಭು, ಇದನ್ನು ತೆಗೆಸಿ. ನನಗೆ ಗೊತ್ತಿರುವುದು ಅದೊಂದೇ ಕೆಲಸ. ಮಾಡಲು ಬಿಡಿ."

"ಕಂಬಳಿ ತೆಗೀರಿ!" ಅಂದ ರಾಜ.

"ಮಹಾಪ್ರಭು!" ವೆಂಕಟಪತಯ್ಯ ಬಾಯಿ ಬಡಿದುಕೊಂಡ. "ಬರೀ ಹಲಗೆಗೆ ಮೊಹರಿಲ್ಲ! ಬಿಸಿಲಲ್ಲಿ ಅದು ಏನು ಮಾಡುತ್ತದೋ ಯಾರೂ ನೋಡಿಲ್ಲ! ತಮಗೆ ಏನಾದರೂ ಆಗಬಹುದು!"

"ಆಗಲಿ" ಅಂದ ರಾಜ. "ಏನಾದರೂ ಆಗಲಿ. ನನ್ನ ಮಕ್ಕಳಿಗೆ ಚಳಿ."

ಜೋಪಾನರಾಯನ ಬಾಯಲ್ಲಿ ಏನಾದರೂ ಆಗಲಿ ಅನ್ನುವ ಮಾತು ಬಂದದ್ದು ಅದೇ ಮೊದಲು. ಹೇಳಿದ ಮೇಲೆ ಅವನಿಗೇ ಭಯವಾಯಿತು, ಆದರೆ ಹಿಂದೆಗೆಯಲಿಲ್ಲ. ರಾಜರ ಅಪ್ಪಣೆ ಅಂದ ಮೇಲೆ ಕಂಬಳಿ ತಾನಾಗಿಯೇ ಎದ್ದು ಬಂತು. ಬಂದು ರಾಜನ ಸುತ್ತ, ಬುಟ್ಟಿಯ ಸುತ್ತ ಹೊದ್ದುಕೊಂಡಿತು. ಅದೇ ಗಳಿಗೆಯಲ್ಲಿ ಹಲಗೆಯ ಮೇಲೆ ಬಿಸಿಲು ಬಿತ್ತು. ಎಷ್ಟೋ ದಿನದ ಹಸಿವು ಅದಕ್ಕೆ. ಗಟಗಟ ಕುಡಿಯಿತು. ಹೊಂಬಾಳಮ್ಮ ಬುಟ್ಟಿಯ ಪಕ್ಕ ಹಿಡಿದಿದ್ದ ಬಲ್ಬು ಹಳದಿಯಾಗಿ ಹತ್ತಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ವೆಂಕಟಪತಯ್ಯನಿಗೆ ಮಾತ್ರ ಸ್ವಲ್ಪ ಬೆವರು ಬಂತು.

ಬಲ್ಬು ಬಹಳ ಹೊತ್ತು ಉರಿಯಿತು. ಆಮೇಲೆ ಸುಮ್ಮನಾಗಿದ್ದ ಮೊಟ್ಟೆ, "ಅವ್ವಾ, ಇವತ್ತು ಹಾಡು ಹೇಳಲೇ ಇಲ್ಲ ನೀನು" ಅಂತು. ರಾಜ ಹಾಡಲು ಹೋದ, ಆಗಲಿಲ್ಲ. ಹೊಂಬಾಳಮ್ಮನೇ ಹಾಡಿದಳು.

ಒಂಬತ್ತನೆಯ ದಿನ ಟಿಕ್ ಅಂತು. ಟಿಕ್ ಟಿಕ್ ಅಂತು. ಇಪ್ಪತ್ತೊಂದು ಚಿಪ್ಪು ಬಿರಿದು ಇಪ್ಪತ್ತೊಂದು ಮರಿ ಹೊರಗೆ ಬಂದವು. ಅಷ್ಟರಲ್ಲಿ ಸುದ್ದಿ ಕೇಳಿ ಮರಿಸ್ವಾಮಪ್ಪ ಹಿಡಿಯಿಲ್ಲದ ಗರಗಸ ಎತ್ತಿಕೊಂಡು ಓಡಿಬಂದ.

"ಭಾವ! ಕಂಬಳಿ ಇಲ್ಲದ ಹಲಗೆ ಹೊರಗಿನ ಸಾಮಾನು, ಅರ್ಧ ಕೊಡಿ! ಈ ಮರಿಗಳೂ ಚಿಪ್ಪಿನಾಚೆಯಿಂದ ನಮ್ಮ ನಾಡಿಗೆ ಬಂದಿರೋವು. ಅರ್ಧ ಅಂದರೆ ಹತ್ತೂವರೆ ಮರಿ!"

ಆ ಅರೆ ಮರಿಯ ಮಾತು ಕೇಳಿದ್ದೇ ತಡ, ಜೋಪಾನರಾಯ ಎರಡೂ ತೋಳು ಅಗಲಿಸಿದ, ಕತ್ತು ಮುಂದೆ ಚಾಚಿದ, ಕೊಕ್ಕೊಕ್ಕೊಕ್ಕೋ ಅಂತ ಮರಿಸ್ವಾಮಪ್ಪನ ಮೇಲೆ ಬಿದ್ದ. ಅಂಗಳಕ್ಕೆ ಮೂರು ಸುತ್ತು ಓಡಿಸಿ ಕುಕ್ಕಿದ. ಆಮೇಲೆ ದಣಿವಾರಿಸಿಕೊಂಡು ಮರಿಗಳನ್ನು ಕೇಳಿದ: "ನೀವು ಎಲ್ಲಿಂದ ಬಂದಿರಿ?"

"ನಿನ್ನ ಕೆಳಗಿಂದ, ಅವ್ವಾ."

"ಕೇಳಿದೆಯಾ? ರಾಜನ ಕೆಳಗಿರುವುದೆಲ್ಲ ನಮ್ಮ ನಾಡೇ."

"ಆಗ್ಲಿ. ಹಲಗೆ ಕುಡಿಯೋ ಬಿಸಿಲು?" ಮರಿಸ್ವಾಮಪ್ಪ ಬಿಡುವ ಪೈಕಿ ಅಲ್ಲ. "ಸೂರ್ಯ ಮೂಡಲ ಬೆಟ್ಟದಾಚೆಯಿಂದ ಬರ್ತಾನೆ. ಆಚೆ ನಮ್ಮ ನಾಡಲ್ಲ. ಇಷ್ಟು ವರ್ಷ ಒಂದು ದಿನಾನೂ ಸುಂಕ ಕಟ್ಟಿಲ್ಲ!"

"ನಿಜ" ಅಂದ ರಾಜ. "ಹೋಗು. ಹೋಗಿ ಅರ್ಧ ವಸೂಲು ಮಾಡು. ಪೂರ್ತಿ ವಸೂಲಾಗುವವರೆಗೆ ಈ ಕಡೆ ತಲೆ ಹಾಕಬೇಡ."

ಮರಿಸ್ವಾಮಪ್ಪ ತನ್ನ ನೀಲಿ ಹಲಗೆಗಳನ್ನೆಲ್ಲ ಹೊತ್ತುಕೊಂಡು ಮೂಡಲ ಬೆಟ್ಟಕ್ಕೆ ಹೋದ. ಅಲ್ಲಿ ಅವನ್ನು ಅಡ್ಡಡ್ಡ ನಿಲ್ಲಿಸಿ ಬಿಸಿಲನ್ನು ತಡೆದ. ಲೆಕ್ಕದಲ್ಲಿ ಪಕ್ಕಾ ಮನುಷ್ಯ, ಸರಿಯಾಗಿ ಅರ್ಧ ತಡೆದ. ಅಂದಿನಿಂದ ದಿನದಲ್ಲಿ ಅರ್ಧ ಬೆಳಕು, ಅರ್ಧ ಕತ್ತಲು. ಆ ಅರ್ಧ ಅವನ ಸುಂಕ. ಅದಕ್ಕೆ ಮೊದಲು ರಾತ್ರಿಯೇ ಇರಲಿಲ್ಲವೇ ಅಂತ ಹಿಂದೆ ಯಾರೋ ಗೊಣಗುತ್ತಿದ್ದೀರಿ. ನೀವು ಆಗ ಹುಟ್ಟಿದ್ದಿರಾ? ಸುಮ್ಮನೆ ಕೂರಿ.

ಹೊಂಬಾಳಮ್ಮ ಬುಟ್ಟಿ ಎತ್ತಿಕೊಂಡಳು. "ಬನ್ರಪ್ಪ, ಮನೆಗೆ ಹೋಗಾನ" ಅಂದಳು. ಮರಿಗಳು ಅಲ್ಲಾಡಲಿಲ್ಲ. ಎಲ್ಲವೂ ಹೋಗಿ ರಾಜನ ಕಾಲಿನ ಸುತ್ತ ನಿಂತವು. ರಾಜ ಬಲಕ್ಕೆ ಹೋದರೆ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಹೊಂಬಾಳಮ್ಮನ ಮುಖ ಸಪ್ಪಗಾಯಿತು. ಇಷ್ಟು ದಿನ ಹೊತ್ತು ತಿರುಗಿದ್ದು ಅವಳು, ಅತ್ತದ್ದು ಅವಳು. ರಾಜ ಅವಳ ಮುಖ ನೋಡಿದ. ತನ್ನ ಕಾಲ ಬಳಿ ನೋಡಿದ.

"ನಿಮ್ಮ ಮನೆಗೆ ಹೋಗುವ ದಾರಿಯಲ್ಲಿ ಕಲ್ಲು ಮುಳ್ಳು ಇದೆಯೇನಮ್ಮ?" ಅಂತ ಕೇಳಿದ.

"ಬೇಕಾದಷ್ಟದೆ ಬುದ್ಧೀ."

"ಇರಲಿ" ಅಂದ ಜೋಪಾನರಾಯ.

ಬಿಸಿಲು ಹಲಗೆಯನ್ನು ರಾಜನೇ ತಲೆಯ ಮೇಲೆ ಹೊತ್ತ. ಇಪ್ಪತ್ತೊಂದು ಮರಿ ಕರೆದುಕೊಂಡು ಹೋಗಲು ಬಂದ ಹೊಂಬಾಳಮ್ಮ ಇಪ್ಪತ್ತೆರಡನ್ನು ಕರೆದುಕೊಂಡು ಹೋದಳು.

ಈ ಕತೆಯ ನೀತಿ ಏನೆಂದರೆ, ರಾಜರು ಸರಿಹೋಗಬೇಕಾದರೆ ಅವರ ಕೆಳಗೆ ಮೊಟ್ಟೆ ಇಡಬೇಕು. ಎಷ್ಟು ಮೊಟ್ಟೆ ಅನ್ನುವುದು ರಾಜರ ಅಳತೆಯ ಮೇಲೆ.

ಹೇಳಿದವಳ ಬಾಯಿಗೆ ಬೆಲ್ಲ, ಕೇಳಿದವರ ಕಿವಿಗೆ ತುಪ್ಪ, ನಂಬಿದವರಿಗೆ ದೊಡ್ಡ ನಮಸ್ಕಾರ. ಏಳಿ ಇನ್ನು.